ಕಿವಿ ಮುಟ್ಟಿದರೆ ಶಾಲೆ, ಎಂಟು ತುಂಬಿದರೆ ಸರ್ಟಿಫಿಕೇಟು

ಜೂನ್ ಒಂದನೇ ತಾರೀಕು ಬಂತೆಂದರೆ ನಮ್ಮ ಬ್ಯಾಂಕಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಶುಭಾಶಯಗಳ ಸುರಿಮಳೆ. ಒಂದೇ ದಿನ ಹನ್ನೊಂದು ಮಂದಿಗೆ ಹುಟ್ಟುಹಬ್ಬ! ಅದರಲ್ಲಿ ನಾನೂ ಒಬ್ಬ. ಗುಜರಾತಿ ಮ್ಯಾನೇಜರೊಬ್ಬರು ಒಮ್ಮೆ, ‘ನಿಮ್ಮ ಊರಿನಲ್ಲಿ ಉಳಿದ ತಿಂಗಳುಗಳಲ್ಲಿ ಮಕ್ಕಳೇ ಹುಟ್ಟುವುದಿಲ್ಲವೇ?’ ಎಂದು ಕೇಳಿದ್ದರು. ಐವತ್ತು ದಾಟಿದ ಓದುಗರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಅಪ್ಪನೋ ಮಾವನೋ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಡ್‌ಮಾಸ್ಟ್ರು, ‘ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ನೋಡುವ’ ಎನ್ನುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಪಾಸು. ತಾಗದಿದ್ದರೆ ಬರುವ ವರ್ಷ ಬಾ. ಮತ್ತೆ ರಿಜಿಸ್ಟರಿನಲ್ಲಿ, ಶಾಲೆ ತೆರೆಯುವ ದಿನವನ್ನೇ ಆಧಾರ ಮಾಡಿಕೊಂಡು ಹಿಂದಕ್ಕೆ ಎಣಿಸಿ ಒಂದು ಜನ್ಮದಿನಾಂಕ. ಪಂಚಾಂಗದಲ್ಲಿ ಅಮ್ಮ ಗುರುತು ಹಾಕಿಟ್ಟ ತಿಥಿ ನಕ್ಷತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಗಬೇಡಿ. ಆ ಕಿವಿ ಮುಟ್ಟುವ ಪರೀಕ್ಷೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಆರು ಏಳು ವರ್ಷದ ಹೊತ್ತಿಗೆ ತಲೆಯ ಬೆಳವಣಿಗೆ ನಿಧಾನವಾಗಿ ಕೈಕಾಲು ಉದ್ದವಾಗುತ್ತವೆ, ಆಗ ಕೈ ಎಟುಕುತ್ತದೆ. ಹುಟ್ಟಿದ ದಾಖಲೆಯೇ ಇಲ್ಲದ ಊರುಗಳಲ್ಲಿ ಮಗುವಿನ ಮೈಯೇ ದಾಖಲೆ. ಶಾಲೆಗೆ ಬರುವ ಮಗು ಯಾವ ತಾರೀಕಿನಲ್ಲಿ ಹುಟ್ಟಿತು ಎಂದು ಅವರು ಕೇಳಲಿಲ್ಲ, ಎಷ್ಟು ಬೆಳೆದಿದೆ ಎಂದು ನೋಡಿದರು. ನಾವು ಈಗ ಇದರ ತಿರುಗುಮುರುಗು ಮಾಡುತ್ತಿದ್ದೇವೆ. ತಾರೀಕು ಪಕ್ಕಾ, ಆಧಾರ್ ಕಾರ್ಡಿನಲ್ಲಿ ಅಚ್ಚಾಗಿದೆ. ಬೆಳವಣಿಗೆಯ ಮಾತು ಯಾರಿಗೂ ಬೇಡ.

ಇದೆಲ್ಲ ನೆನಪಾದದ್ದಕ್ಕೆ ಕಾರಣವಿದೆ. ಡೊಂಬಿವಿಲಿಯ ನಮ್ಮ ಕಟ್ಟಡದಲ್ಲಿಯೇ ಇರುವ ನಮ್ಮೂರ ಕಡೆಯ ಹುಡುಗಿಯೊಬ್ಬಳು ಒಂದು ಸಂಜೆ ಬಂದು, ‘ಮಾಮ, ನನ್ನ ಮಗ ದಡ್ಡನಾ?’ ಎಂದು ಕೇಳಿದಳು. ಹುಡುಗ ಒಂದನೇ ಕ್ಲಾಸು. ಹುಟ್ಟಿದ್ದು ಡಿಸೆಂಬರ್ ಕೊನೆಯ ವಾರ. ಶಾಲೆ ಸೇರುವಾಗ ಐದೂವರೆ ವರ್ಷ. ದೀಪಾವಳಿ ರಜೆ ಮುಗಿಯುವುದರೊಳಗೆ ಶಾಲೆಯವರು ಕರೆಸಿ, ‘ಬರೆಯುವುದಿಲ್ಲ, ಕೂರುವುದಿಲ್ಲ, ಅಕ್ಷರ ತಿರುವುಮುರುವು ಮಾಡುತ್ತಾನೆ, ಲರ್ನಿಂಗ್ ಪ್ರಾಬ್ಲಮ್ ಇರಬಹುದು, ಎಲ್ಲಿಯಾದರೂ ತೋರಿಸಿ’ ಎಂದಿದ್ದಾರೆ. ಜತೆಗೆ ಇನ್ನೊಂದು ಉಪದೇಶ: ‘ಮನೆಯಲ್ಲಿ ತುಳು, ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಮಾತಾಡಿ.’ ಯಾವ ಶಾಲೆ ಎಂದು ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಇಂಥ ಶಾಲೆ ಅದೊಂದೇ ಅಲ್ಲ. ನನಗೆ ಹೊಳೆದ ಪ್ರಶ್ನೆ ಬೇರೆ. ಅದೇ ಕ್ಲಾಸಿನಲ್ಲಿ ಅವನಿಗಿಂತ ಹನ್ನೊಂದು ತಿಂಗಳು ದೊಡ್ಡ ಮಕ್ಕಳಿದ್ದಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಆಯುಷ್ಯದ ಆರರಲ್ಲಿ ಒಂದು ಪಾಲು! ಮೇಡಮ್ಮಿಗೆ ಕಂಡದ್ದು ತೊಂದರೆಯೋ, ಎಳೆತನವೋ?

ರಿಟೈರಾದವನಿಗೆ ಸಮಯಕ್ಕೆ ಬರವಿಲ್ಲ. ಓದುತ್ತ ಹೋದೆ. ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ, ಅದರಲ್ಲಿ ನಮ್ಮ ಧಾರವಾಡದ್ದೂ ಒಂದು ಅಧ್ಯಾಯವಿದೆ ಎಂದು ತಿಳಿದು ಆಶ್ಚರ್ಯವಾಯಿತು.

1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಸಣ್ಣ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ ಹುಡುಗನ ಬಗ್ಗೆ ಒಂದು ಚಿಕ್ಕ ಲೇಖನವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. ಹುಡುಗ ಚುರುಕು, ಲೆಕ್ಕದಲ್ಲಿ ಗಟ್ಟಿಗ, ಕಣ್ಣು ಚೆನ್ನಾಗಿದೆ. ಆದರೆ ಓದಲು ಬಾರದು. ತನ್ನ ಹೆಸರನ್ನೇ ಅಕ್ಷರ ಅದಲು ಬದಲು ಮಾಡಿ ಬರೆದು, ತಪ್ಪಾಯಿತೆಂದು ಗೊತ್ತಾಗದೆ ಕೂತವನು. ಪಾಠವನ್ನೆಲ್ಲ ಬಾಯಲ್ಲೇ ಹೇಳಿಕೊಡುವುದಾದರೆ ಶಾಲೆಯಲ್ಲಿ ಇವನೇ ಜಾಣ ಎಂಬುದು ಅವನ ಮಾಸ್ತರರ ಅಭಿಪ್ರಾಯ. ಆಗ ಡಿಸ್ಲೆಕ್ಸಿಯಾ ಎಂಬ ಶಬ್ದ ಹುಟ್ಟಿತ್ತು, ಬಳಕೆಗೆ ಬಂದಿರಲಿಲ್ಲ. ಮಾರ್ಗನ್ ಇದನ್ನು ಹುಟ್ಟಿನಿಂದ ಬಂದ ಪದಕುರುಡು ಎಂದು ಕರೆದ. ನಾನು ಗಮನಿಸಿದ್ದು ಒಂದು ಸಣ್ಣ ವಿವರ: ಪರ್ಸಿಗೆ ಆಗ 14 ವರ್ಷ. ಏಳನೆಯ ವರ್ಷದಿಂದ ಶಾಲೆ, ಮನೆಪಾಠ ಎಂದು ಓದಿದವನು. ಅಂದರೆ ಅವನ ತೊಂದರೆಗೆ ಹೆಸರು ಸಿಗಲು ಏಳು ವರ್ಷ ಬೇಕಾಯಿತು, ಅದೂ ಅನುಕೂಲಸ್ಥರ ಮನೆಯ ಹುಡುಗನಿಗೆ.

ಓದಲು ಬಾರದಿರುವುದು ಒಂದು ದೋಷವಾಗಿ ಕಾಣಬೇಕಾದರೆ ಮೊದಲು ಎಲ್ಲರೂ ಓದಬೇಕೆಂಬ ಕಾನೂನು ಬರಬೇಕು. ಫ್ರಾನ್ಸಿನಲ್ಲಿ 1882ರಲ್ಲಿ ಕಡ್ಡಾಯ ಶಿಕ್ಷಣ ಬಂತು. ಎಲ್ಲ ಮಕ್ಕಳೂ ಒಂದೇ ಬೆಂಚಿಗೆ ಬಂದಾಗ ಹಿಂದುಳಿಯುವವರು ಕಣ್ಣಿಗೆ ಬಿದ್ದರು. ಅವರನ್ನು ಗುರುತಿಸುವುದು ಹೇಗೆಂದು ಸರಕಾರ ಕೇಳಿದಾಗ ಆಲ್ಫ್ರೆಡ್ ಬಿನೆ, ಥಿಯೋಡೋರ್ ಸಿಮೋನ್ ಜತೆ ಸೇರಿ 1905ರಲ್ಲಿ ಒಂದು ಪರೀಕ್ಷೆ ಮಾಡಿದ. 1908ರಲ್ಲಿ ಅದನ್ನು ತಿದ್ದಿ, ಈ ಪ್ರಶ್ನೆ ಮೂರು ವರ್ಷದವರಿಗೆ, ಇದು ಆರು ವರ್ಷದವರಿಗೆ ಎಂದು ವಯಸ್ಸಿನ ಮೆಟ್ಟಿಲು ಹಾಕಿದ. ಬುದ್ಧಿ ಅಳೆಯುವ ಪರೀಕ್ಷೆಗಳ ದುರುಪಯೋಗ ಮುಂದೆ ಬೇಕಾದಷ್ಟು ಆಯಿತು, ಅದು ಬೇರೆ ಕಥೆ. ಆದರೆ ಒಂದು ಮಾತು ಒಪ್ಪಬೇಕು. ಮಗುವನ್ನು ಕ್ಲಾಸಿಗೆ ಹೋಲಿಸದೆ ಅದರ ವಯಸ್ಸಿಗೆ ಹೋಲಿಸಬೇಕು ಎಂಬ ಅಳತೆಗೋಲು ಅಲ್ಲಿಂದ ಗಟ್ಟಿಯಾಯಿತು.

ಆ ಅಳತೆಗೋಲು ಕನ್ನಡಕ್ಕೆ ಬಂದದ್ದು ಧಾರವಾಡದಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯದ ಭಾಗ. ಅಲ್ಲಿ ಶಿಕ್ಷಕರ ತರಬೇತಿಯ ಕ್ಷೇತ್ರದಲ್ಲಿದ್ದ ಡಾ. ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಎರಡರಲ್ಲೂ ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿ, 1940ರಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಂಬೆ-ಕರ್ನಾಟಕ ಪರಿಷ್ಕರಣ ಎಂದೇ ಅದರ ಹೆಸರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ಇಂದಿಗೂ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದನ್ನು ಬಳಸುವ ಎಷ್ಟು ಜನರಿಗೆ ಅದು ಧಾರವಾಡದ ಮಕ್ಕಳ ನಡುವೆ ಹುಟ್ಟಿದ್ದೆಂದು ಗೊತ್ತು? ಆ ಕಾಲದ ಹಳ್ಳಿ ಮಕ್ಕಳ ನಿಜವಾದ ವಯಸ್ಸು ಗೊತ್ತು ಮಾಡುವುದೇ ಸುಲಭದ ಕೆಲಸವಾಗಿರಲಿಕ್ಕಿಲ್ಲ, ಜೂನ್ ಒಂದರ ಸಂತಾನವಲ್ಲವೇ! ಇನ್ನೊಂದು ಮಾತು. ಆ ಸೀಮೆಯ ಹಳಬರು ಒಂದನೇ ಇಯತ್ತೆಗೆ ಮೊದಲು ‘ಬಿನ್ನೆತ್ತೆ’ ಎಂದೊಂದು ತರಗತಿ ಇದ್ದುದನ್ನು ನೆನೆಯುತ್ತಾರೆ. ಇಯತ್ತೆ ಇಲ್ಲದ್ದು, ಅದಕ್ಕೇ ಆ ಹೆಸರು. ಅಲ್ಲಿ ಮಗು ಪಳಗುವವರೆಗೆ ಕೂರಬಹುದಿತ್ತು. ನಮ್ಮ ಕಡೆ ಬಾಲವರ್ಗ ಎಂದು ಅಂಥದ್ದೇ ಇತ್ತು.

ಈಗ ಮುಂಬಯಿಗೆ ಬರುವ. ನಗರದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು 1920ರಷ್ಟು ಹಿಂದೆಯೇ ಬಂದಿತ್ತು. ಮುಂದೆ ಮಹಾನಗರಪಾಲಿಕೆ ಮರಾಠಿ, ಗುಜರಾತಿ, ಉರ್ದು, ಹಿಂದಿಯ ಜತೆ ತಮಿಳು, ತೆಲುಗು, ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿತು. ಆದರೆ ನಮ್ಮವರಲ್ಲಿ ಬಹಳ ಮಂದಿ ಓದಿದ್ದು ಹಗಲಿನ ಶಾಲೆಗಳಲ್ಲಲ್ಲ. ಹನ್ನೆರಡು ಹದಿಮೂರು ವರ್ಷಕ್ಕೆ ಊರಿನಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಏಳಕ್ಕೆ ರಾತ್ರಿ ಶಾಲೆಗೆ ಓಡಿದವರು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಸಂಘಸಂಸ್ಥೆಗಳವರು ಕಟ್ಟಿದ ಶಾಲೆಗಳಿಂದ ಸಾವಿರಾರು ಮಂದಿ ಬದುಕು ಕಂಡುಕೊಂಡರು. ನಾನೂ ಅಂಥದ್ದೇ ಒಂದು ಶಾಲೆಯ ಫಸಲು. ನಮ್ಮ ಎಂಟನೇ ಕ್ಲಾಸಿನಲ್ಲಿ ಹದಿನಾಲ್ಕರ ಹುಡುಗನ ಪಕ್ಕ ಮೀಸೆ ಬಂದ ಇಪ್ಪತ್ತೆರಡರವನು ಕೂರುತ್ತಿದ್ದ. ವಯಸ್ಸಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಶಾಲೆ ಬಿಟ್ಟು ಎಷ್ಟು ವರ್ಷವಾಗಿತ್ತು, ಯಾವ ಪಾಳಿ, ಮಾಲಕರು ಬೇಗ ಬಿಡುತ್ತಾರೋ ಇಲ್ಲವೋ, ಅಷ್ಟೇ ಲೆಕ್ಕ.

ಇದರಲ್ಲಿ ಒಳ್ಳೆಯದೂ ಇತ್ತು. ತಡವಾಗಿ ಬಂದವನನ್ನು ಯಾರೂ ಹಂಗಿಸುತ್ತಿರಲಿಲ್ಲ. ಆದರೆ ಇನ್ನೊಂದು ಮಗ್ಗುಲು ನೋಡಿ. ಓದು ಹತ್ತದವನಿಗೆ ಅಲ್ಲಿ ನೂರು ಕಾರಣಗಳು ತಯಾರಿದ್ದವು: ದಣಿವು, ನಿದ್ದೆ, ಊರಿನ ಶಾಲೆ ಅರ್ಧಕ್ಕೆ ಬಿಟ್ಟದ್ದು, ಇಂಗ್ಲಿಷಿನ ಭಯ. ಈ ರಾಶಿಯೊಳಗೆ ನಿಜವಾದ ಓದಿನ ತೊಂದರೆ ಇದ್ದವನು ಅಡಗಿಹೋದ. ನಮ್ಮ ಹೋಟೆಲಿನಲ್ಲೇ ಅಂಥವನೊಬ್ಬನಿದ್ದ. ಹದಿನೆಂಟು ಗಿರಾಕಿಗಳ ಬಿಲ್ಲು ಬಾಯಲ್ಲೇ ಹೇಳುವವನು, ಒಂದು ಪೈಸೆ ತಪ್ಪದು. ಯಕ್ಷಗಾನದ ಪ್ರಸಂಗಗಳ ಮಾತು ಒಮ್ಮೆ ಕೇಳಿದರೆ ಸಾಕು, ರಾತ್ರಿಯಿಡೀ ಹೇಳುತ್ತಿದ್ದ. ಆದರೆ ನಾಲ್ಕು ಸಾಲು ಕನ್ನಡ ಓದಬೇಕಾದರೆ ಬೆವರುತ್ತಿದ್ದ. ಬೆಸ್ಟ್ ಬಸ್ಸಿನ ಹಣೆಯ ಮೇಲಿನ ಮರಾಠಿ ಅಂಕಿಗಳನ್ನು ಚಿತ್ರದ ಹಾಗೆ ನೆನಪಿಟ್ಟು ಊರೆಲ್ಲ ತಿರುಗುತ್ತಿದ್ದ, ಬೋರ್ಡು ಓದುತ್ತಿರಲಿಲ್ಲ. ಮೂರು ಬಾರಿ ರಾತ್ರಿ ಶಾಲೆ ಸೇರಿ ಮೂರು ಬಾರಿ ಬಿಟ್ಟ. ‘ವಿದ್ಯೆ ತಲೆಗೆ ಹತ್ತಲಿಲ್ಲ’ ಎಂಬುದು ಎಲ್ಲರ ತೀರ್ಪು, ಅವನದ್ದೂ. ಈಗ ಪುಸ್ತಕಗಳಲ್ಲಿ ಓದುವ ಲಕ್ಷಣಗಳನ್ನೆಲ್ಲ ಅವನಿಗೆ ಹಚ್ಚಿ ನೋಡುತ್ತೇನೆ, ಒಂದಕ್ಕೊಂದು ಸರಿಹೊಂದುತ್ತದೆ. ನಾನು ಡಾಕ್ಟರನಲ್ಲ, ಖಂಡಿತ ಹೀಗೇ ಎನ್ನಲಾರೆ.

ಹೋಟೆಲಿನವರ ಮಕ್ಕಳ ಕಾಲ ಬಂದಾಗ ಗಡಿಯಾರ ಇನ್ನೊಂದು ತುದಿಗೆ ಹೋಯಿತು. ಎಂಬತ್ತರ, ತೊಂಬತ್ತರ ದಶಕದಲ್ಲಿ ನಾವೆಲ್ಲ ಮುಲುಂಡ್, ಕಾಂದಿವಲಿ, ಡೊಂಬಿವಿಲಿ ಎಂದು ಉಪನಗರಗಳಿಗೆ ಹರಡಿದೆವು. ಚಾಳಿನ ಖೋಲಿಯಿಂದ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ. ಮಕ್ಕಳಿಗೆ ಇಂಗ್ಲಿಷ್ ಶಾಲೆ. ನರ್ಸರಿಗೆ ಎರಡೂವರೆಗೆ, ಒಂದನೇ ಕ್ಲಾಸಿಗೆ ಐದಕ್ಕೆ. ಬೇಗ ಸೇರಿದರೆ ಬೇಗ ಮುಗಿಯುತ್ತದೆ, ಒಂದು ವರ್ಷದ ಸಂಬಳ ಹೆಚ್ಚು ಎಂಬ ಲೆಕ್ಕವನ್ನು ನಮ್ಮವರು ಗಂಭೀರವಾಗಿಯೇ ಹಾಕುತ್ತಿದ್ದರು. ನರ್ಸರಿಯ ಪ್ರವೇಶಕ್ಕೆ ಸಂದರ್ಶನ ನಡೆಸುವುದನ್ನು ನಿಲ್ಲಿಸಬೇಕೆಂದು 1993ರಲ್ಲಿ ಯಶಪಾಲ್ ಸಮಿತಿ ಹೇಳಿತು. ಯಾರು ಕೇಳಬೇಕು? ಮನೆಯಲ್ಲಿ ತುಳು, ಮೆಟ್ಟಿಲಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಐದು ವರ್ಷದ ಮಗು ತಾನು ಎಂದೂ ಮಾತಾಡದ ಭಾಷೆಯಲ್ಲಿ ಡಿಕ್ಟೇಶನ್ ಬರೆಯಬೇಕಿತ್ತು.

ಈ ಮಕ್ಕಳ ಕಾಲದಲ್ಲಿಯೇ ಓದಿನ ತೊಂದರೆಗೆ ಮುಂಬಯಿಯಲ್ಲಿ ಹೆಸರು ಸಿಕ್ಕಿತು. ಕಲಿಕೆಯ ನ್ಯೂನತೆ ಎಂಬ ಶಬ್ದವನ್ನು ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ 1963ರಲ್ಲಿ ಷಿಕಾಗೋದಲ್ಲಿ ಹೆತ್ತವರ ಸಭೆಯೊಂದರಲ್ಲಿ ಬಳಕೆಗೆ ತಂದಿದ್ದ. ಇಲ್ಲಿ 1996 ಮುಖ್ಯವಾದ ವರ್ಷ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಹುಟ್ಟಿದ್ದು ಆ ವರ್ಷ. ರಾಜ್ಯ ಸರಕಾರ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು ಒಪ್ಪಿದ್ದೂ ಆ ವರ್ಷವೇ. ಹೆಚ್ಚು ಸಮಯ, ಕಾಗುಣಿತದ ತಪ್ಪಿಗೆ ಅಂಕ ಕಡಿತವಿಲ್ಲ, ಒಂದು ಭಾಷೆ ಬಿಡಬಹುದು, ಹತ್ತನೆಯ ಗಣಿತದ ಬದಲು ಏಳನೆಯ ತರಗತಿಯ ಗಣಿತ, ಹೀಗೆ. ಆದರೆ ಸರ್ಟಿಫಿಕೇಟು ಬೇಕು. ಅದಕ್ಕೆ ಸಯನ್, ಕೆ.ಇ.ಎಂ., ನಾಯರ್ ಈ ಮೂರು ಮುನ್ಸಿಪಲ್ ಆಸ್ಪತ್ರೆಗಳ ಮುಂದೆ ಸಾಲು. ಸಯನ್ ಆಸ್ಪತ್ರೆಯ ಕ್ಲಿನಿಕ್ಕಿನಲ್ಲಿದ್ದ ಡಾ. ಸುನೀಲ್ ಕರಂದೆ ಮತ್ತು ಜತೆಗಾರರು ಬರೆದ ಲೇಖನಗಳು ಈ ಚರಿತ್ರೆಗೆ ಒಳ್ಳೆಯ ದಾಖಲೆ. ಅವರಲ್ಲಿಗೆ ಬಂದ ಮಕ್ಕಳ ಸರಾಸರಿ ವಯಸ್ಸು ಹನ್ನೊಂದರ ಆಸುಪಾಸು. ಕೆಲವರು ಅಷ್ಟರಲ್ಲೇ ಒಂದು ಕ್ಲಾಸಿನಲ್ಲಿ ನಪಾಸಾದವರು. ಐದಕ್ಕೆ ಶಾಲೆ ಸೇರಿದ ಮಗುವಿನ ತೊಂದರೆ ಹನ್ನೊಂದಕ್ಕೆ ಗೊತ್ತಾಯಿತು ಎಂದರೆ, ಪರ್ಸಿಯ ಏಳು ವರ್ಷಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಮಧ್ಯೆ ನೂರು ವರ್ಷ ಕಳೆದಿದೆ!

ತಡ ಯಾಕಾಗುತ್ತದೆ ಎಂಬುದಕ್ಕೆ ಹೆತ್ತವರನ್ನು ಬೈದು ಪ್ರಯೋಜನವಿಲ್ಲ. ಕಾರಣ ಅಳತೆಯಲ್ಲೇ ಇದೆ. ಬುದ್ಧಿ ಸರಿಯಾಗಿದ್ದು, ಓದು ಬರಹ ಲೆಕ್ಕದಲ್ಲಿ ಮಗು ತನ್ನ ತರಗತಿಗಿಂತ ಅಥವಾ ವಯಸ್ಸಿಗಿಂತ ಎರಡು ವರ್ಷ ಹಿಂದೆ ಇದ್ದರೆ ತೊಂದರೆಯಿದೆ ಎಂದು ಈ ಕ್ಲಿನಿಕ್ಕುಗಳಲ್ಲಿ ನಿರ್ಣಯಿಸುತ್ತಿದ್ದರು. ಒಂದನೇ ಕ್ಲಾಸಿನವನು ಎರಡು ವರ್ಷ ಹಿಂದೆ ಇರುವುದು ಹೇಗೆ? ಹಿಂದೆ ಜಾಗವೇ ಇಲ್ಲ! ಆದ್ದರಿಂದ ಮೂರನೇ ಕ್ಲಾಸು ಅಥವಾ ಎಂಟು ವರ್ಷದವರೆಗೆ ಖಚಿತವಾಗಿ ಹೇಳಲಾಗದು ಎಂಬ ನಿಯಮ. ಕೇಳಲಿಕ್ಕೆ ಸರಿಯೇ. ಆದರೆ ಆ ‘ಅಥವಾ’ ಎಂಬಲ್ಲಿಯೇ ತೊಡಕು. ಐದೂವರೆಗೆ ಸೇರಿದ ನಮ್ಮ ಡಿಸೆಂಬರ್ ಹುಡುಗ ಮೂರನೇ ಕ್ಲಾಸಿಗೆ ಕಾಲಿಡುವಾಗ ಏಳೂವರೆ. ಅವನ ಪಕ್ಕದ ಜನವರಿ ಹುಡುಗನಿಗೆ ಎಂಟೂವರೆಗೆ ಹತ್ತಿರ. ಇಬ್ಬರೂ ಒಂದನೇ ಕ್ಲಾಸಿನ ಮಟ್ಟದಲ್ಲಿ ಓದುತ್ತಾರೆ ಎಂದುಕೊಳ್ಳಿ. ತರಗತಿಯ ಲೆಕ್ಕದಲ್ಲಿ ಇಬ್ಬರೂ ಎರಡು ವರ್ಷ ಹಿಂದೆ. ವಯಸ್ಸಿನ ಲೆಕ್ಕ ಹಿಡಿದರೆ ದೊಡ್ಡವನ ಕಂದರವೇ ಆಳ, ಚಿಕ್ಕವನದ್ದು ಹೆಚ್ಚುಕಡಿಮೆ ಒಂದು ವರ್ಷ ಕಡಿಮೆ. ಆದರೆ ಮೇಡಮ್ಮಿನ ಕಣ್ಣಿಗೆ ಮೊದಲು ಬೀಳುವವನು ಚಿಕ್ಕವನು. ಅವನೇ ಪೆನ್ಸಿಲ್ ಹಿಡಿಯಲಾಗದೆ ಒದ್ದಾಡುವವನು, ಅವನೇ ಕೂತಲ್ಲಿ ಕೂರದವನು. ದೊಡ್ಡವನು ಶಿಸ್ತಾಗಿ ಕೂತು, ಪಕ್ಕದವನ ಪುಸ್ತಕ ನೋಡಿ ಬರೆದು, ಪಾಠ ಬಾಯಿಪಾಠ ಮಾಡಿ ಐದನೇ ಕ್ಲಾಸಿನವರೆಗೆ ಸಾಗಿಹೋಗುತ್ತಾನೆ.

ಇದು ನನ್ನ ಕಲ್ಪನೆಯಲ್ಲ. 2010ರಲ್ಲಿ ಧೂಯೆ ಮತ್ತು ಲಿಪ್ಸ್‌ಕೋಂಬ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮಕ್ಕಳ ಅಂಕಿಅಂಶ ಹಿಡಿದು ‘ನ್ಯೂನತೆಯೋ, ಎಳೆತನವೋ’ ಎಂಬ ಅರ್ಥದ ತಲೆಬರಹದಲ್ಲೇ ಲೇಖನ ಬರೆದರು. ತರಗತಿಯಲ್ಲಿ ಮಗು ಒಂದು ತಿಂಗಳು ದೊಡ್ಡದಾದರೆ ವಿಶೇಷ ಶಿಕ್ಷಣಕ್ಕೆ ಹೋಗುವ ಸಂಭವ ಶೇಕಡಾ 2ರಿಂದ 5ರಷ್ಟು ಇಳಿಯುತ್ತದೆ ಎಂದು ಕಂಡುಕೊಂಡರು. ಚಂಚಲತೆಯ ಕಾಯಿಲೆ ಎನ್ನುತ್ತಾರಲ್ಲ, ಎ.ಡಿ.ಎಚ್.ಡಿ., ಅದರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಮೆರಿಕದಲ್ಲಿ ಸೆಪ್ಟೆಂಬರ್ 1ನ್ನು ಕೊನೆಯ ದಿನವಾಗಿ ಇಟ್ಟುಕೊಂಡ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ ಮಕ್ಕಳು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರು, ಸೆಪ್ಟೆಂಬರಿನವರು ಎಲ್ಲರಿಗಿಂತ ದೊಡ್ಡವರು. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಲೆಕ್ಕದಂತೆ ಆಗಸ್ಟಿನ 10,000 ಮಕ್ಕಳಲ್ಲಿ 85 ಮಂದಿಗೆ ಆ ಕಾಯಿಲೆಯೆಂದು ಹೇಳಲಾಗಿತ್ತು, ಸೆಪ್ಟೆಂಬರಿನವರಲ್ಲಿ 64 ಮಂದಿಗೆ. ಕಾಯಿಲೆ ತಿಂಗಳು ನೋಡಿ ಬರುತ್ತದೆಯೇ? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೊನೆಯ ದಿನ ಡಿಸೆಂಬರ್ 31. ಅಲ್ಲಿ ಡಿಸೆಂಬರಿನ ಗಂಡುಮಕ್ಕಳಿಗೆ ಜನವರಿಯವರಿಗಿಂತ ಶೇಕಡಾ 30ರಷ್ಟು ಹೆಚ್ಚು ಎಂದು 2012ರಲ್ಲಿ ವರದಿಯಾಯಿತು.

ಮುಂಬಯಿಗೆ ಈ ಡಿಸೆಂಬರ್ 31 ಹೇಗೆ ಬಂತು ನೋಡಿ. 2015ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದು ಆಜ್ಞೆ ಮಾಡಿ, ಹಂತಹಂತವಾಗಿ ಜಾರಿಗೆ ತರಲು ಹೊರಟಿತು. ನನ್ನ ಮಟ್ಟಿಗೆ ಒಳ್ಳೆಯ ನಿರ್ಧಾರ. ಮೊದಲು ಜುಲೈ 31ಕ್ಕೆ ಆರು ತುಂಬಬೇಕೆಂದಿತ್ತು. ಹೆತ್ತವರ ಒತ್ತಾಯ ಬಂತು, ಸೆಪ್ಟೆಂಬರ್ 30 ಆಯಿತು. ಮತ್ತೆ ಒತ್ತಾಯ, 2020ರಲ್ಲಿ ಡಿಸೆಂಬರ್ 31 ಆಯಿತು. ಅಂದರೆ ಜೂನಿನಲ್ಲಿ ಶಾಲೆ ತೆರೆಯುವಾಗ ಐದು ವರ್ಷ ಐದೂವರೆ ತಿಂಗಳ ಮಗುವೂ ‘ಆರು ವರ್ಷದ್ದು’! ಊರಿನ ಕಥೆಯೂ ಬೇರೆಯಲ್ಲ. ಕರ್ನಾಟಕ ಸರಕಾರ 2022ರಲ್ಲಿ ಜೂನ್ 1ಕ್ಕೆ ಆರು ತುಂಬಿರಬೇಕೆಂದು ಆಜ್ಞೆ ಮಾಡಿ, 2025ಕ್ಕೆ ಮುಂದೂಡಿ, ಆ ವರ್ಷ ಏಪ್ರಿಲಿನಲ್ಲಿ ಹೆತ್ತವರ ಗಲಾಟೆಗೆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಎರಡು ರಾಜ್ಯಗಳು ಬೇರೆ ಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಬಂದು ನಿಂತದ್ದು ತಮಾಷೆಯಾಗಿ ಕಂಡಿತು. ಹೆತ್ತವರದ್ದು ತಪ್ಪೆನ್ನಲಾರೆ, ನರ್ಸರಿ ಕೆ.ಜಿ. ಎಂದು ಫೀಸು ಕಟ್ಟಿ ಮುಗಿಸಿದವರಿಗೆ ಇನ್ನೊಂದು ವರ್ಷ ಕಾಯಿರಿ ಎಂದರೆ ಸಿಟ್ಟು ಬಾರದೇ? ಆದರೆ ಆ ವಾದವಿವಾದದಲ್ಲಿ ಒಂದು ವರ್ಷ ‘ಹಾಳಾಗುತ್ತದೆ’ ಎಂಬ ಮಾತೇ ಕೇಳಿಸಿತು. ಐದೂವರೆಯ ಮಗುವನ್ನು ಮೇಡಂ ಏನೆಂದು ಕರೆಯುತ್ತಾರೆ ಎಂಬುದು ಕೇಳಿಸಲಿಲ್ಲ.

ಹಾಗೆಂದು ‘ಚಿಕ್ಕವನು, ದೊಡ್ಡವನಾದಾಗ ಸರಿಯಾಗುತ್ತಾನೆ’ ಎಂದು ಸುಮ್ಮನಿರುವುದೂ ಅಷ್ಟೇ ಅಪಾಯ. ಡಿಸ್ಲೆಕ್ಸಿಯಾ ವಯಸ್ಸಿನೊಂದಿಗೆ ಮಾಗಿ ಉದುರುವಂಥದ್ದಲ್ಲ. ಮಾತು ತಡವಾದದ್ದು, ಪ್ರಾಸ ಹಿಡಿಯಲಾಗದ್ದು, ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಓದು ಕಷ್ಟವಾಗಿದ್ದುದು, ಇವೆಲ್ಲ ಮೊದಲೇ ಸಿಗುವ ಸೂಚನೆಗಳು. ‘ತಾರೇ ಜಮೀನ್ ಪರ್’ ಚಿತ್ರ ಬಂದದ್ದು 2007ರ ಡಿಸೆಂಬರಿನಲ್ಲಿ. ಥಿಯೇಟರಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡೆವು. ಆ ಚಿತ್ರದ ಹುಡುಗ ಈಶಾನನಿಗೆ ಎಂಟು ವರ್ಷ, ಮೂರನೇ ಕ್ಲಾಸಿನಲ್ಲಿ ಎರಡನೇ ಸಲ ಕೂತವನು. ಅಂದರೆ ನಿಯಮದ ಪ್ರಕಾರ ಪತ್ತೆಯಾಗಬೇಕಾದ ವಯಸ್ಸಿನಲ್ಲೇ ಪತ್ತೆಯಾದ ಅದೃಷ್ಟಶಾಲಿ. ಮುಂದೆ 2010ರ ಏಪ್ರಿಲಿನಿಂದ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಯಾಗಿ ಎಂಟನೆಯವರೆಗೆ ನಪಾಸು ಮಾಡುವುದೇ ನಿಂತಿತು. ಮಗುವಿಗೆ ಅವಮಾನ ತಪ್ಪಿತು, ಒಳ್ಳೆಯದೇ. ಆದರೆ ನಮ್ಮ ಹೆತ್ತವರಿಗೆ ನಪಾಸು ಎಂಬ ಗಂಟೆ ಬಾರಿಸಿದರೆ ಮಾತ್ರ ಎಚ್ಚರವಾಗುವುದು. ಆ ಗಂಟೆ ಇಲ್ಲದ ಮೇಲೆ ಎಷ್ಟೋ ಮನೆಗಳಲ್ಲಿ ಒಂಬತ್ತನೆಯಲ್ಲಿ ಎದ್ದು ಸರ್ಟಿಫಿಕೇಟಿಗೆ ಓಡಿದರು. 2019ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಐದರಲ್ಲೂ ಎಂಟರಲ್ಲೂ ತಡೆಯುವ ಅಧಿಕಾರ ಮತ್ತೆ ರಾಜ್ಯಗಳಿಗೆ ಬಂತು.

ಭಾಷೆಯ ವಿಷಯ ಹೇಳದೆ ಮುಂದೆ ಹೋಗಲಾರೆ, ನಮ್ಮಂಥವರಿಗೆ ಅದೇ ಮುಖ್ಯ. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಶಾಲೆಯ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಒಂದು ವರ್ಷದಲ್ಲಿ ಮುಗಿದೀತು. ಕನ್ನಡದಲ್ಲಿ ಮೂಲಾಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪಗಳು. ಅವೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ, ಮತ್ತು ಅದು ಸಹಜ. ಇಂಗ್ಲಿಷಿನ ವೇಗದ ಗೋಲು ಹಿಡಿದು ಕನ್ನಡ ಮಗುವನ್ನು ಅಳೆದರೆ ಎಲ್ಲರೂ ಹಿಂದುಳಿದವರೇ. ಇನ್ನೊಂದು, ಬರೆದಂತೆ ಓದುವ ನಮ್ಮ ಲಿಪಿಯಲ್ಲಿ ತೊಂದರೆಯಿರುವ ಮಗು ತಪ್ಪಿಗಿಂತ ನಿಧಾನದಲ್ಲಿ ಸಿಕ್ಕಿಬೀಳುತ್ತದೆ. ಅದೇ ಮಗುವಿನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ, ರಣರಂಗ! ಮುಂಬಯಿಯ ಕ್ಲಿನಿಕ್ಕುಗಳಲ್ಲಿ ಬಹಳ ವರ್ಷ ಇಂಗ್ಲಿಷ್ ಮಾಧ್ಯಮದ ಮಕ್ಕಳೇ ಹೆಚ್ಚಾಗಿ ಪತ್ತೆಯಾದದ್ದಕ್ಕೆ ಕಾರಣ ಇತರ ಭಾಷೆಗಳಲ್ಲಿ ಸರಿಯಾದ ಪರೀಕ್ಷೆಗಳೇ ಇಲ್ಲದಿದ್ದುದು. ಮುನ್ಸಿಪಲ್ ಕನ್ನಡ ಶಾಲೆಯ ಹುಡುಗನಿಗೆ ತೊಂದರೆಯಿದ್ದರೂ ಕಾಗದದ ಮೇಲೆ ಅದು ಇರಲಿಲ್ಲ.

ಮನೆಮಾತು ನಿಲ್ಲಿಸಿ ಎಂಬ ಉಪದೇಶಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಮನೆಮಾತು ಬಿಟ್ಟರೆ ಅದು ಹೋಗುವುದೂ ಇಲ್ಲ. ಮಗುವಿಗೆ ಅಜ್ಜಿಯ ಜತೆಗಿನ ಮಾತು ಹೋಗುತ್ತದೆ, ಅಷ್ಟೇ. ರಿಯಾಯಿತಿಯಲ್ಲಿ ಒಂದು ಭಾಷೆ ಬಿಡುವುದು ಶಾಲೆಯ ಲೆಕ್ಕ, ಅದು ಅಡಿಗೆಮನೆಗೆ ಬರಬೇಕಾಗಿಲ್ಲ. ಆ ಹುಡುಗಿಗೆ ನಾನು ಖಡಾಖಂಡಿತವಾಗಿ ಹೇಳಿದ್ದು ಇದೊಂದೇ. ಉಳಿದದ್ದಕ್ಕೆ, ಮೊದಲು ಕ್ಲಾಸಿನ ಮಕ್ಕಳ ಹುಟ್ಟಿದ ತಿಂಗಳು ಕೇಳು, ಮೂರು ತಿಂಗಳಿಗೊಮ್ಮೆ ಹುಡುಗ ಓದಿದ್ದನ್ನು ಬರೆದಿಟ್ಟುಕೋ, ಅಂತರ ಕಡಿಮೆಯಾಗುತ್ತದೋ ಹಾಗೇ ಇರುತ್ತದೋ ನೋಡು, ಹಾಗೇ ಇದ್ದರೆ ಎಂಟು ವರ್ಷದವರೆಗೆ ಕಾಯಬೇಡ, ಬಲ್ಲವರಿಗೆ ತೋರಿಸು ಎಂದೆ.

ಯಾಕೆಂದರೆ ಎಂಟು ಎಂಬುದು ಸರ್ಟಿಫಿಕೇಟಿನ ವಯಸ್ಸು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕೆಯ ನ್ಯೂನತೆ ಮೊದಲ ಬಾರಿಗೆ ಸೇರಿತು. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿಯಂತೆ ಎಂಟು ವರ್ಷಕ್ಕೆ ಮೊದಲು ಸರ್ಟಿಫಿಕೇಟಿಲ್ಲ, 14ಕ್ಕೂ 18ಕ್ಕೂ ಮತ್ತೆ ಪರೀಕ್ಷೆ. ಅವಸರದ ಹಣೆಪಟ್ಟಿ ತಪ್ಪಿಸಲು ಇದು ಬೇಕಾದ ಬೇಲಿ. ಆದರೆ ಸಹಾಯ ಮಾಡಲು ಸರ್ಟಿಫಿಕೇಟು ಯಾಕೆ ಬೇಕು? ಫಿನ್ಲೆಂಡಿನಲ್ಲಿ ಶಾಲೆ ಶುರುವಾಗುವುದೇ ಏಳಕ್ಕೆ, ತಡವಾಗಿ ಸೇರಿದರೂ ಅಲ್ಲಿ ಓದಿನ ತೊಂದರೆಯ ಮಕ್ಕಳಿದ್ದಾರೆ. ಅವರಿಗೆ ಮೊದಲ ತರಗತಿಗಳಲ್ಲೇ, ಯಾವ ಕಾಗದವೂ ಇಲ್ಲದೆ, ವಾರಕ್ಕೆ ಕೆಲವು ಗಂಟೆ ಬೇರೆಯಾಗಿ ಹೇಳಿಕೊಡುವ ಶಿಕ್ಷಕರಿದ್ದಾರೆ. ನಮ್ಮಲ್ಲೂ ಚಿಕ್ಕವರನ್ನು ನೋಡುವ ಸಾಧನಗಳಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪರೀಕ್ಷಾಮಾಲೆಯಲ್ಲಿ ಐದರಿಂದ ಏಳು ವರ್ಷದವರಿಗೇ ಒಂದು ಭಾಗವಿದೆ, ಎಂಟರಿಂದ ಹನ್ನೆರಡರವರಿಗೆ ಇನ್ನೊಂದು. 2015ರಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ‘ಡಾಲಿ’ ಎಂಬ ಹೆಸರಿನಲ್ಲಿ ಒಂದನೇ ತರಗತಿಯಿಂದ ಐದನೆಯವರೆಗಿನ ಮಕ್ಕಳಿಗೆ ಪರೀಕ್ಷೆಗಳನ್ನು ಹೊರತಂದರು. ಒಂದು ಎರಡನೇ ತರಗತಿಗೆ ಶಿಕ್ಷಕರೇ ತುಂಬಬಹುದಾದ ಪ್ರತ್ಯೇಕ ಪಟ್ಟಿ ಅದರಲ್ಲಿದೆ. ಮೊದಲ ಕಂತಿನಲ್ಲೇ ನಾಲ್ಕು ಭಾಷೆ: ಹಿಂದಿ, ಮರಾಠಿ, ಇಂಗ್ಲಿಷ್ ಮತ್ತು ಕನ್ನಡ.

ಕಾಮತರು ಧಾರವಾಡದಲ್ಲಿ ಆರಿಸಿಕೊಂಡದ್ದೂ ಕನ್ನಡ ಮರಾಠಿಗಳನ್ನೇ. ಮುಂಬಯಿಯಲ್ಲಿ ಕುಳಿತ ನನಗೆ ಆ ಜೋಡಿ ಮತ್ತೆ ಕಂಡು ಖುಷಿಯಾಯಿತು. ಆದರೆ ಇಲ್ಲಿ ಮುನ್ಸಿಪಲ್ ಕನ್ನಡ ಶಾಲೆಗಳ ಮಕ್ಕಳು ವರ್ಷವರ್ಷ ಕಡಿಮೆಯಾಗುತ್ತ ಬಂದಿದ್ದಾರೆ, ಉಳಿದಿರುವವರಲ್ಲಿ ಹೆಚ್ಚಿನವರು ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಸುಗ್ಗಿಗೆ ಊರಿಗೆ ಹೋಗಿ, ಮರಳಿ ಬಂದು, ಒಮ್ಮೆ ಏಳಕ್ಕೆ ಒಮ್ಮೆ ಒಂಬತ್ತಕ್ಕೆ ಶಾಲೆ ಸೇರುವವರು. ಕಾಯಿದೆಯಂತೆ ಅವರನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಒಂಬತ್ತು ವರ್ಷದ ಹುಡುಗಿ ನೇರ ನಾಲ್ಕನೇ ತರಗತಿಯಲ್ಲಿ ಕೂತು ‘ಅ’ ತಿದ್ದುತ್ತಾಳೆ. ಅವಳಿಗೆ ಓದು ಬಾರದಿರುವುದು ಶಾಲೆ ತಪ್ಪಿದ್ದಕ್ಕೋ, ನಮ್ಮ ಹೋಟೆಲಿನ ಹುಡುಗನಿಗಿದ್ದ ಕಾರಣಕ್ಕೋ ಎಂದು ಕೂತು ನೋಡಲು ಕನ್ನಡ ಬಲ್ಲ ಒಬ್ಬ ಟೀಚರ್ ಬೇಕು, ಆ ಪಟ್ಟಿಯ ಒಂದು ಪ್ರತಿ ಬೇಕು, ಅವಳು ಊರಿಗೆ ಹೊರಡುವ ಮೊದಲು ಮೂರು ತಿಂಗಳು ಬೇಕು.